ಅಧ್ಯಾಪಕ ವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್

ಆಸ್ಟ್ರಿಯಾ ದೇಶದ ಸಾಲ್ಜ್‌ಬರ್ಗ್ ನಗರದಲ್ಲಿ ಈಗ ಮಕಾರ್ಟ್ ಚೌಕವೆಂದು ಕರೆಯಲ್ಪಡುವ ಒಂದು ಸ್ಥಳವಿದೆ. ಸಂಗೀತಲೋಕದ ಮಹಾಪ್ರತಿಭೆ ಮೊಜಾರ್ಟನ ಕುಟುಂಬವು ಕೆಲವು ಕಾಲ ವಾಸಿಸಿದ್ದ ಮನೆ ಆ ಚೌಕದಲ್ಲಿದೆ. ಮೊಜಾರ್ಟನು ಕಾಲವಾಗಿ ಹನ್ನೆರಡು ವರ್ಷಗಳು ಕಳೆದ ಮೇಲೆ, ಅದೇ ಚೌಕದ ಇನ್ನೊಂದು ಮನೆಯಲ್ಲಿ, 1803ನೆಯ ಇಸವಿ ನವೆಂಬರ್ 29ರಂದು ಕ್ರಿಶ್ಚಿಯನ್ ಆಂಡ್ರಿಯಾಸ್ ಡಾಪ್ಲರನು ಜನಿಸಿದನು. ಯಾತ್ರಿಕರು ಸಾಲುಗಟ್ಟಿ ನಿಲ್ಲುವುದು ಮೊದಲನೆಯ ಮನೆಯ ಮುಂದೆ. ಎರಡನೆಯ ಮನೆಯಲ್ಲಿ ಹುಟ್ಟಿದವನ ಹೆಸರನ್ನಾದರೋ ಇಂದು ಜಗತ್ತಿನ ಆಸ್ಪತ್ರೆಗಳಲ್ಲಿ, ಹವಾಮಾನ ಕಚೇರಿಗಳಲ್ಲಿ, ಖಗೋಳ ವೀಕ್ಷಣಾಲಯಗಳಲ್ಲಿ ಪ್ರತಿದಿನವೂ ಉಚ್ಚರಿಸುತ್ತಾರೆ. ಉಚ್ಚರಿಸುವವರಲ್ಲಿ ಬಹುಮಂದಿಗೆ ಅದು ಒಬ್ಬ ಮನುಷ್ಯನ ಹೆಸರೆಂಬುದು ಕೂಡ ತಿಳಿದಿರುವುದಿಲ್ಲ. ಆ ಮನುಷ್ಯನು ತನ್ನ ಆಯುಷ್ಯದ ಬಹುಭಾಗವನ್ನು ಪಾಠ ಹೇಳುವುದರಲ್ಲಿಯೂ ಪರೀಕ್ಷೆ ನಡೆಸುವುದರಲ್ಲಿಯೂ ಸವೆಸಿದ ಒಬ್ಬ ಗಣಿತದ ಅಧ್ಯಾಪಕನಾಗಿದ್ದನು.

ಡಾಪ್ಲರನದು ಕಲ್ಲುಕುಟಿಗರ ಮನೆತನ. 1674ರಿಂದಲೂ ಆ ವಂಶದವರು ಸಾಲ್ಜ್‌ಬರ್ಗಿನಲ್ಲಿ ಕಲ್ಲಿನ ಕಸುಬನ್ನು ಅವಲಂಬಿಸಿ ಬಾಳಿದ್ದರು, ಅನುಕೂಲಸ್ಥರೂ ಆಗಿದ್ದರು. ತಂದೆ ಯೋಹಾನ್ ಎವಾಂಗೆಲಿಸ್ಟ್ ಡಾಪ್ಲರನ ತರುವಾಯ ಮಗನೂ ಉಳಿ ಸುತ್ತಿಗೆಗಳನ್ನು ಹಿಡಿಯುವುದು ವಂಶದ ಕ್ರಮವಾಗಿತ್ತು. ಆದರೆ ಬಾಲಕನು ದುರ್ಬಲ ದೇಹದವನು. ಬಂಡೆಯನ್ನು ಎತ್ತಿಳಿಸುವ, ಕಲ್ಲುಧೂಳಿನ ನಡುವೆ ದಿನವಿಡೀ ದುಡಿಯುವ ಕಾಯಕ ಅವನಿಂದಾಗದು ಎಂಬುದು ಬೇಗನೆ ಮನವರಿಕೆಯಾಯಿತು. ಮಗನನ್ನು ಯಾವ ದಾರಿಗೆ ಹಚ್ಚಬೇಕೆಂದು ತಿಳಿಯದೆ ತಂದೆಯು ಸ್ಥಳೀಯ ವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ ಸೈಮನ್ ಸ್ಟ್ಯಾಂಪ್ಫರನ ಸಲಹೆಯನ್ನು ಕೇಳಿದನು. ಸ್ಟ್ಯಾಂಪ್ಫರನು ಹುಡುಗನ ಗಣಿತಶಕ್ತಿಯನ್ನು ಗುರುತಿಸಿ, ಅವನನ್ನು ವಿಯೆನ್ನಾದ ಪಾಲಿಟೆಕ್ನಿಕ್ ಸಂಸ್ಥೆಗೆ ಕಳುಹಿಸಬೇಕೆಂದು ಹೇಳಿದನು. ಒಬ್ಬ ಅಧ್ಯಾಪಕನ ಒಂದು ಮಾತಿನಿಂದ ಒಂದು ಜೀವನದ ದಿಕ್ಕು ಬದಲಾದ ಪ್ರಸಂಗಗಳಲ್ಲಿ ಇದೂ ಒಂದು.

1822ರಿಂದ 1825ರವರೆಗೆ ಡಾಪ್ಲರನು ವಿಯೆನ್ನಾದಲ್ಲಿ ವ್ಯಾಸಂಗ ಮಾಡಿದನು. ಅಲ್ಲಿಂದ ಊರಿಗೆ ಮರಳಿ ತತ್ತ್ವಶಾಸ್ತ್ರದ ಅಭ್ಯಾಸವನ್ನು ಪೂರೈಸಿ, ಮತ್ತೆ ವಿಯೆನ್ನಾಕ್ಕೆ ಹೋಗಿ ಉನ್ನತ ಗಣಿತ, ಯಂತ್ರಶಾಸ್ತ್ರ, ಖಗೋಳಶಾಸ್ತ್ರಗಳನ್ನು ಕಲಿತನು. 1829ರಲ್ಲಿ ಅದೇ ಪಾಲಿಟೆಕ್ನಿಕ್ಕಿನಲ್ಲಿ ಗಣಿತದ ಪ್ರಾಧ್ಯಾಪಕ ಬುರ್ಗ್ ಎಂಬಾತನಿಗೆ ಸಹಾಯಕನಾಗಿ ನೇಮಕಗೊಂಡನು. ಆ ಹುದ್ದೆ ಕೇವಲ ನಾಲ್ಕು ವರ್ಷಗಳದು. 1833ರಲ್ಲಿ ಅವಧಿ ಮುಗಿದಾಗ ಅವನಿಗೆ ವಯಸ್ಸು ಮೂವತ್ತು. ಕೈಯಲ್ಲಿ ಕೆಲವು ಗಣಿತ ಪ್ರಬಂಧಗಳು. ಕೆಲಸ ಮಾತ್ರ ಇಲ್ಲ.

ಇದರ ಮುಂದಿನ ಎರಡು ವರ್ಷಗಳು ಡಾಪ್ಲರನ ಬಾಳಿನ ಅತ್ಯಂತ ಕಹಿಯಾದ ಕಾಲ. ಅಂದಿನ ಆಸ್ಟ್ರಿಯಾ ಸಾಮ್ರಾಜ್ಯದಲ್ಲಿ ಅಧ್ಯಾಪಕ ಹುದ್ದೆಯೊಂದು ತೆರವಾದರೆ ಅಭ್ಯರ್ಥಿಗಳೆಲ್ಲರೂ ಲಿಖಿತ ಹಾಗೂ ಮೌಖಿಕ ಸ್ಪರ್ಧಾಪರೀಕ್ಷೆಗಳಿಗೆ ಕುಳಿತುಕೊಳ್ಳಬೇಕಾಗಿತ್ತು. ಪರೀಕ್ಷೆ ಮುಗಿದ ಬಳಿಕ ನಿರ್ಣಯ ಹೊರಬೀಳುವುದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತಿತ್ತು. ಡಾಪ್ಲರನು ಲಿಂಜ್, ಸಾಲ್ಜ್‌ಬರ್ಗ್, ಗೊರಿಜಿಯಾ, ಲುಬ್ಲಿಯಾನಾ, ವಿಯೆನ್ನಾ, ಜ್ಯೂರಿಚ್, ಪ್ರಾಗ್ ಹೀಗೆ ಊರೂರಿಗೆ ಅರ್ಜಿಗಳನ್ನು ಹಾಕಿಕೊಂಡನು. ನಡುವೆ ಹೊಟ್ಟೆಪಾಡಿಗಾಗಿ ಒಂದು ಹತ್ತಿನೂಲಿನ ಗಿರಣಿಯಲ್ಲಿ ಹದಿನೆಂಟು ತಿಂಗಳ ಕಾಲ ಲೆಕ್ಕ ಬರೆದನು. ಉನ್ನತ ಗಣಿತವನ್ನು ಬೋಧಿಸಬಲ್ಲವನು ನೂಲಿನ ಮೂಟೆಗಳ ಜಮಾಖರ್ಚು ಬರೆಯುವಂತಾದುದು ಅವನ ದೇಶಕ್ಕೆ ಶೋಭೆ ತರುವ ಸಂಗತಿಯಲ್ಲ. ಕೊನೆಗೆ ಬೇಸತ್ತ ಡಾಪ್ಲರನು ಯೂರೋಪನ್ನೇ ತೊರೆದು ಅಮೆರಿಕೆಗೆ ಹೋಗಲು ನಿಶ್ಚಯಿಸಿದನು. ತನ್ನಲ್ಲಿದ್ದ ವಸ್ತುಗಳನ್ನು ಮಾರಿ ಮ್ಯೂನಿಕ್ ನಗರದಲ್ಲಿದ್ದ ಅಮೆರಿಕದ ರಾಯಭಾರ ಪ್ರತಿನಿಧಿಯನ್ನೂ ಕಂಡುಬಂದನು. ಪ್ರಯಾಣದ ಸಿದ್ಧತೆ ನಡೆದಿರುವಾಗಲೇ, 1835ರಲ್ಲಿ, ಪ್ರಾಗ್ ನಗರದ ಮಾಧ್ಯಮಿಕ ಶಾಲೆಯೊಂದರಲ್ಲಿ ಗಣಿತದ ಉಪಾಧ್ಯಾಯನಾಗಿ ನೇಮಕವಾಗಿದೆಯೆಂಬ ಸುದ್ದಿ ಬಂದಿತು. ಅವನು ಅಮೆರಿಕವನ್ನು ಮರೆತು ಪ್ರಾಗಿಗೆ ನಡೆದನು. ಮರುವರ್ಷ ಸಾಲ್ಜ್‌ಬರ್ಗಿನ ಅಕ್ಕಸಾಲಿಗನೊಬ್ಬನ ಮಗಳಾದ ಮಥಿಲ್ಡಾ ಸ್ಟುರ್ಮಳನ್ನು ವರಿಸಿದನು. ಈ ದಾಂಪತ್ಯದಲ್ಲಿ ಐವರು ಮಕ್ಕಳು ಹುಟ್ಟಿದರು.

ಪ್ರಾಗ್ ನಗರದಲ್ಲಿಯೂ ಹಾದಿ ಸುಗಮವಾಗಿರಲಿಲ್ಲ. ಮಾಧ್ಯಮಿಕ ಶಾಲೆಯ ಪ್ರಾರಂಭದ ಗಣಿತ ಅವನ ವಿದ್ವತ್ತಿಗೆ ಸಾಲದು. 1837ರಿಂದ ಅಲ್ಲಿನ ಪಾಲಿಟೆಕ್ನಿಕ್ಕಿನಲ್ಲಿ ಹೆಚ್ಚುವರಿ ಅಧ್ಯಾಪಕನಾಗಿ ಪಾಠ ಹೇಳತೊಡಗಿ, 1841ರಲ್ಲಿ ಪೂರ್ಣ ಪ್ರಾಧ್ಯಾಪಕನಾದನು. ವಿಷಯಗಳು ಪ್ರಾಥಮಿಕ ಗಣಿತ ಮತ್ತು ಪ್ರಾಯೋಗಿಕ ಜ್ಯಾಮಿತಿ. ತರಗತಿಗಳಲ್ಲಿ ನೂರಾರು ವಿದ್ಯಾರ್ಥಿಗಳು. ಅವರೆಲ್ಲರನ್ನೂ ಬರೆಹದಲ್ಲಿಯೂ ಬಾಯಿಮಾತಿನಲ್ಲಿಯೂ ಒಬ್ಬೊಬ್ಬರನ್ನಾಗಿ ಪರೀಕ್ಷಿಸುವ ಹೊಣೆ ಒಬ್ಬನದೇ. ಮೊದಲೇ ಶ್ವಾಸಕೋಶ ದುರ್ಬಲವಾಗಿದ್ದವನ ದೇಹ ಈ ಹೊರೆಯನ್ನು ತಾಳಲಿಲ್ಲ. ಅಷ್ಟರ ಮೇಲೆ ಪರೀಕ್ಷೆಯಲ್ಲಿ ಅವನು ಅತಿ ಕಠಿಣನೆಂದು ವಿದ್ಯಾರ್ಥಿಗಳು ದೂರಿತ್ತರು. ಅಧಿಕಾರಿಗಳು ಅವನಿಗೇ ಛೀಮಾರಿ ಹಾಕಿದರು. 1844ರಲ್ಲಿ ಅವನು ಅನಾರೋಗ್ಯದ ರಜೆಯನ್ನು ಬೇಡಿದನು. 1846ರಲ್ಲಿಯಷ್ಟೇ ಪುನಃ ಕೆಲಸಕ್ಕೆ ಹಾಜರಾದನು. ಉತ್ತರಪತ್ರಿಕೆಗಳ ರಾಶಿಯ ಮುಂದೆ ಕುಳಿತು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಂಥ ದಿನಗಳ ನಡುವೆಯೇ ಡಾಪ್ಲರನ ಹೆಸರನ್ನು ಶಾಶ್ವತಗೊಳಿಸಿದ ವಿಚಾರ ಹೊಮ್ಮಿತು. 1842ನೆಯ ಇಸವಿ ಮೇ 25ರಂದು ಪ್ರಾಗಿನಲ್ಲಿ ಬೊಹೀಮಿಯಾದ ರಾಯಲ್ ವಿಜ್ಞಾನ ಸಂಘದ ಸಭೆಯಲ್ಲಿ, ಬೆರಳೆಣಿಕೆಯ ಶ್ರೋತೃಗಳ ಮುಂದೆ, ಅವನು ಒಂದು ಪ್ರಬಂಧವನ್ನು ಮಂಡಿಸಿದನು. ಜೋಡಿ ನಕ್ಷತ್ರಗಳ ಮತ್ತು ಗಗನದ ಇತರ ಕೆಲವು ಜ್ಯೋತಿಗಳ ವರ್ಣಮಯ ಬೆಳಕು ಅದರ ವಿಷಯ.

ಪ್ರಬಂಧದ ಹುರುಳು ಇಷ್ಟು. ಶಬ್ದವೂ ಬೆಳಕೂ ಅಲೆಗಳಾಗಿ ಸಾಗುತ್ತವೆ. ಒಂದು ಸೆಕೆಂಡಿನಲ್ಲಿ ಎಷ್ಟು ಅಲೆಗಳು ಹೊರಡುತ್ತವೆಯೋ ಅದು ಆ ಅಲೆಯ ಆವೃತ್ತಿ. ಶಬ್ದದ ಆವೃತ್ತಿ ಹೆಚ್ಚಿದರೆ ಶ್ರುತಿ ಏರುತ್ತದೆ. ಬೆಳಕಿನ ಆವೃತ್ತಿ ಹೆಚ್ಚಿದರೆ ಬಣ್ಣ ಕೆಂಪಿನಿಂದ ನೇರಳೆಯ ಕಡೆಗೆ ಸರಿಯುತ್ತದೆ. ಅಲೆಗಳನ್ನು ಹೊರಡಿಸುವ ವಸ್ತುವಾಗಲಿ, ಅವುಗಳನ್ನು ಗ್ರಹಿಸುವ ವ್ಯಕ್ತಿಯಾಗಲಿ ಚಲಿಸುತ್ತಿದ್ದರೆ, ಹೊರಟ ಅಲೆಗಳ ಸಂಖ್ಯೆಗೂ ತಲುಪಿದ ಅಲೆಗಳ ಸಂಖ್ಯೆಗೂ ವ್ಯತ್ಯಾಸ ಬರಲೇಬೇಕು ಎಂದು ಡಾಪ್ಲರನು ತರ್ಕಿಸಿದನು. ಅವನು ಬಳಸಿದ ಉಪಮಾನ ಸಮುದ್ರದ್ದು. ಅಲೆಗಳಿಗೆ ಎದುರಾಗಿ ಸಾಗುವ ಹಡಗು, ನಿಂತ ಹಡಗಿಗಿಂತ ಹೆಚ್ಚು ಅಲೆಗಳ ಹೊಡೆತವನ್ನು ತಿನ್ನುತ್ತದೆ. ಅಲೆಗಳ ದಿಕ್ಕಿನಲ್ಲಿಯೇ ಓಡುವ ಹಡಗಿಗೆ ಹೊಡೆತಗಳು ವಿರಳ.

ಸಮುದ್ರವನ್ನು ಕಾಣದ ಬಯಲುಸೀಮೆಯ ವಿದ್ಯಾರ್ಥಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. ದಿನಕ್ಕೆ ನಾಲ್ಕು ಹರದಾರಿ ನಡೆಯುವ ಯಾತ್ರಿಕನೊಬ್ಬನು ಪ್ರತಿದಿನ ಸಂಜೆ ಮನೆಗೆ ಒಂದು ಓಲೆಯನ್ನು ಕಳುಹಿಸುತ್ತಾನೆ ಎಂದಿಟ್ಟುಕೊಳ್ಳೋಣ. ಓಲೆಕಾರರು ದಿನಕ್ಕೆ ಎಂಟು ಹರದಾರಿ ಸಾಗಬಲ್ಲವರು. ಯಾತ್ರಿಕನು ಮನೆಯಿಂದ ದೂರ ದೂರ ಹೋಗುತ್ತಿರುವಾಗ ಒಂದೊಂದು ಓಲೆಯೂ ಹಿಂದಿನದಕ್ಕಿಂತ ನಾಲ್ಕು ಹರದಾರಿ ಹೆಚ್ಚು ದಾರಿ ಕ್ರಮಿಸಬೇಕು. ಅದಕ್ಕೆ ಅರ್ಧ ದಿನ ಅಧಿಕ ಹಿಡಿಯುತ್ತದೆ. ಆದುದರಿಂದ ಮನೆಯವರ ಕೈಸೇರುವುದು ಒಂದೂವರೆ ದಿನಕ್ಕೆ ಒಂದು ಓಲೆ. ಅವನು ಹಿಂದಿರುಗುವಾಗ ಪ್ರತಿ ಓಲೆಯ ದಾರಿಯೂ ನಾಲ್ಕು ಹರದಾರಿ ಕಡಿಮೆಯಾಗುತ್ತದೆ. ಅರ್ಧ ದಿನಕ್ಕೊಂದರಂತೆ ಓಲೆಗಳು ಬಂದು ಬೀಳುತ್ತವೆ. ಬರೆಯುವವನು ದಿನಕ್ಕೆ ಒಂದನ್ನೇ ಬರೆದಿದ್ದಾನೆ, ಓಲೆಕಾರರ ವೇಗವೂ ಬದಲಾಗಿಲ್ಲ. ಆದರೂ ಓದುವವರ ಲೆಕ್ಕವೇ ಬೇರೆ. ಇನ್ನು, ಯಾತ್ರಿಕನು ಒಂದೆಡೆ ನಿಂತು, ಮನೆಯವರೇ ದಿನಕ್ಕೆ ನಾಲ್ಕು ಹರದಾರಿಯಂತೆ ಅವನ ಕಡೆಗೆ ನಡೆದುಬಂದರೆ, ಅವರಿಗೆ ಎದುರಾಗುವ ಓಲೆಗಳು ದಿನಕ್ಕೆ ಎರಡಲ್ಲ, ಒಂದೂವರೆ ಮಾತ್ರ. ಅಂದರೆ ಚಲಿಸುವವರು ಯಾರು ಎಂಬುದರ ಮೇಲೆ ಫಲವು ಭಿನ್ನವಾಗುತ್ತದೆ. ಈ ಎರಡು ಸಂದರ್ಭಗಳಿಗೂ ಡಾಪ್ಲರನು ಬೇರೆ ಬೇರೆ ಸೂತ್ರಗಳನ್ನು ಕೊಟ್ಟನು. ಶಬ್ದದ ಮಟ್ಟಿಗೆ ಅವು ಇಂದಿಗೂ ಹಾಗೆಯೇ ನಿಂತಿವೆ. ಬೆಳಕಿನ ವಿಷಯದಲ್ಲಿ ಈ ಭೇದವಿಲ್ಲ, ಪರಸ್ಪರ ವೇಗವೊಂದೇ ಗಣನೀಯ ಎಂಬುದು 1905ರಲ್ಲಿ ಐನ್‌ಸ್ಟೈನನ ಸಾಪೇಕ್ಷತಾ ಸಿದ್ಧಾಂತ ಬಂದ ಮೇಲೆ ಸ್ಪಷ್ಟವಾಯಿತು.

ಸೂತ್ರ ಸರಿ, ಅದನ್ನು ಅನ್ವಯಿಸಿದ ಎಡೆ ತಪ್ಪು. ಡಾಪ್ಲರನ ಬಾಳಿನ ದುರಂತವೆನ್ನಬಹುದಾದುದು ಇಲ್ಲಿಯೇ ಮೊದಲಾಗುತ್ತದೆ. ಎಲ್ಲ ನಕ್ಷತ್ರಗಳ ಸಹಜ ಬೆಳಕೂ ಬಿಳಿಯದೇ, ನಮ್ಮತ್ತ ಧಾವಿಸುವವು ನೀಲಿಯಾಗಿಯೂ ನಮ್ಮಿಂದ ದೂರ ಸರಿಯುವವು ಕೆಂಪಾಗಿಯೂ ಕಾಣುತ್ತವೆ ಎಂದು ಅವನು ಊಹಿಸಿದನು. ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರಗಳಲ್ಲಿ ಹಲವು ಬಗೆಬಗೆಯ ಬಣ್ಣದವಾಗಿರುವುದು ಅವನಿಗೆ ಇದರ ಸಾಕ್ಷ್ಯವಾಗಿ ತೋರಿತು. ವಾಸ್ತವದಲ್ಲಿ ನಕ್ಷತ್ರದ ಬಣ್ಣ ಅದರ ಮೇಲ್ಮೈಯ ಉಷ್ಣತೆಯಿಂದ ಬರುವುದು. ಕಣ್ಣಿಗೆ ಕಾಣುವಂತೆ ಬಣ್ಣ ಬದಲಾಗಬೇಕಾದರೆ ನಕ್ಷತ್ರವು ಬೆಳಕಿನ ವೇಗದ ಗಣನೀಯ ಪಾಲಿನಷ್ಟು ವೇಗದಿಂದ ಓಡಬೇಕು. ಸೂರ್ಯನ ಸುತ್ತ ಭೂಮಿಯ ವೇಗ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್. ಬೆಳಕಿನದು ಸುಮಾರು 3,00,000 ಕಿಲೋಮೀಟರ್. ಹತ್ತು ಸಾವಿರದಲ್ಲಿ ಒಂದು ಪಾಲಿನ ಈ ಬದಲಾವಣೆಯನ್ನು ಬರಿಗಣ್ಣು ಎಂದಿಗೂ ಕಾಣಲಾರದು. ಅಷ್ಟೇ ಅಲ್ಲ, ಕೆಂಪಿನ ಆಚೆಗೂ ನೇರಳೆಯ ಆಚೆಗೂ ಕಣ್ಣಿಗೆ ಕಾಣದ ಕಿರಣಗಳಿವೆ; ಒಂದು ಕೊನೆಯಲ್ಲಿ ಬಣ್ಣ ಜಾರಿಹೋದರೆ ಇನ್ನೊಂದು ಕೊನೆಯಿಂದ ಹೊಸ ಬೆಳಕು ಬಂದು ಆ ತೆರವನ್ನು ತುಂಬುತ್ತದೆ; ಬಿಳಿ ಬಿಳಿಯಾಗಿಯೇ ಉಳಿಯುತ್ತದೆ.

ಈ ದೋಷವನ್ನು ಎತ್ತಿ ತೋರಿಸಿದವನು ಹಾಲೆಂಡಿನ ಯುವಕ ವಿಜ್ಞಾನಿ ಬಾಯ್ಸ್ ಬ್ಯಾಲೊ. ಮುಂದೆ ಗಾಳಿಯ ದಿಕ್ಕಿನ ನಿಯಮದಿಂದ ಹವಾಮಾನಶಾಸ್ತ್ರದಲ್ಲಿ ಹೆಸರಾದವನು ಇವನೇ. ಬಣ್ಣದ ವಾದ ಅವನಿಗೆ ಒಪ್ಪಿಗೆಯಾಗಲಿಲ್ಲ. ಆದರೆ ಶಬ್ದದ ವಿಷಯದಲ್ಲಿ ಸೂತ್ರ ನಿಜವೋ ಸುಳ್ಳೋ ಎಂಬುದನ್ನು ಪರೀಕ್ಷಿಸದೆ ತಳ್ಳಿಹಾಕುವ ಜಾತಿಯವನೂ ಅವನಲ್ಲ. ಅದೇ ಕಾಲಕ್ಕೆ ಯೂರೋಪಿನಲ್ಲಿ ರೈಲುಮಾರ್ಗಗಳು ಹೊಸದಾಗಿ ಹರಡುತ್ತಿದ್ದವು. ಕುದುರೆಯ ಓಟವನ್ನು ಮೀರಿದ ವೇಗ ಮನುಷ್ಯನಿಗೆ ಮೊದಲ ಬಾರಿಗೆ ದೊರೆತಿತ್ತು. 1845ರಲ್ಲಿ ಅವನು ಉಟ್ರೆಕ್ಟ್ ಮತ್ತು ಮಾರ್ಸೆನ್ ಊರುಗಳ ನಡುವಣ ರೈಲುದಾರಿಯಲ್ಲಿ ಒಂದು ವಿಚಿತ್ರ ಕಚೇರಿಯನ್ನು ಏರ್ಪಡಿಸಿದನು. ಬಂಡಿಯ ಮೇಲೆ ಕಹಳೆಯವರು. ದಾರಿಯ ಪಕ್ಕದಲ್ಲಿ ಶ್ರುತಿಜ್ಞಾನದಲ್ಲಿ ಪಳಗಿದ ಕಿವಿಯುಳ್ಳ ಸಂಗೀತಗಾರರು. ಒಮ್ಮೆ ಬಂಡಿಯ ಮೇಲಿನವರು ಊದಿದಾಗ ನಿಂತವರು ಶ್ರುತಿಯನ್ನು ಗುರುತಿಸಬೇಕು. ಇನ್ನೊಮ್ಮೆ ನಿಂತವರು ಊದಿದಾಗ ಬಂಡಿಯಲ್ಲಿದ್ದವರು ಗುರುತಿಸಬೇಕು. ಫೆಬ್ರವರಿಯಲ್ಲಿ ನಡೆದ ಮೊದಲ ಪ್ರಯತ್ನ ಹಿಮ ಮತ್ತು ಬಿರುಗಾಳಿಯಿಂದ ಕೆಟ್ಟಿತು. ಜೂನ್ ತಿಂಗಳಿನಲ್ಲಿ ಪುನಃ ನಡೆಸಿದರು. ಎಂಜಿನ್ನಿನ ಗದ್ದಲದ ನಡುವೆ ಸ್ವರವನ್ನು ಹಿಡಿಯುವುದೇ ಕಷ್ಟವಾಗಿತ್ತು. ಆದರೂ ಬಂಡಿ ಹತ್ತಿರ ಬರುವಾಗ ಶ್ರುತಿ ಏರಿ, ದಾಟಿಹೋದಾಗ ಇಳಿಯುವುದೆಂಬುದು ನಿಸ್ಸಂದೇಹವಾಗಿ ಸ್ಥಿರಪಟ್ಟಿತು. ಡಾಪ್ಲರನ ಸೂತ್ರವನ್ನು ಅಲ್ಲಗಳೆಯಬಹುದೆಂದು ಹೊರಟವನೇ ಅದರ ಮೊದಲ ಪ್ರಯೋಗಸಾಕ್ಷಿಯಾದನು.

ಲೆಕ್ಕ ಹಾಕಿ ನೋಡುವ ವಿದ್ಯಾರ್ಥಿಗೆ ಇಲ್ಲಿ ಒಂದು ಸೊಗಸು ಕಾದಿದೆ. ಶಬ್ದದ ವೇಗವನ್ನು ಸೆಕೆಂಡಿಗೆ 340 ಮೀಟರ್ ಎಂದೂ ರೈಲಿನ ವೇಗವನ್ನು ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್, ಎಂದೂ ಇಟ್ಟುಕೊಂಡರೆ, 500 ಆವೃತ್ತಿಯ ಶಿಳ್ಳು ಬಂಡಿ ಬರುವಾಗ ಸುಮಾರು 531ರಷ್ಟಾಗಿಯೂ ಹೋಗುವಾಗ ಸುಮಾರು 472ರಷ್ಟಾಗಿಯೂ ಕೇಳಿಸುತ್ತದೆ. ಇವೆರಡರ ಪ್ರಮಾಣ 360ಕ್ಕೆ 320. ಎಂದರೆ 9ಕ್ಕೆ 8. ಷಡ್ಜಕ್ಕೂ ಚತುಃಶ್ರುತಿ ರಿಷಭಕ್ಕೂ ಇರುವ ಅಂತರ ಸರಿಯಾಗಿ ಇದೇ. ಆ ವೇಗದಲ್ಲಿ ಸಾಗುವ ರೈಲು ಒಬ್ಬನ ಮುಂದೆ ಹಾದುಹೋದಾಗ ಅದರ ಶಿಳ್ಳು ರಿಷಭದಿಂದ ಷಡ್ಜಕ್ಕೆ ಇಳಿಯುತ್ತದೆ.

ಬೆಳಕಿಗೆ ಈ ತತ್ತ್ವವನ್ನು ಅನ್ವಯಿಸುವ ನಿಜವಾದ ಮಾರ್ಗವನ್ನು ಫ್ರಾನ್ಸಿನ ಫಿಜೊ ಎಂಬ ಭೌತವಿಜ್ಞಾನಿ 1848ರಲ್ಲಿ ಕಂಡನು. ಡಾಪ್ಲರನ ಪ್ರಬಂಧವನ್ನು ಅರಿಯದೆ, ಸ್ವತಂತ್ರವಾಗಿಯೇ. ನಕ್ಷತ್ರದ ಬೆಳಕನ್ನು ಪಟ್ಟಕದ ಮೂಲಕ ಹರಡಿದಾಗ ಬರುವ ರೋಹಿತದಲ್ಲಿ ಸೂಕ್ಷ್ಮವಾದ ಕಪ್ಪು ಗೆರೆಗಳಿರುತ್ತವೆ. ಒಟ್ಟು ಬಣ್ಣ ಬದಲಾಗದಿದ್ದರೂ ಈ ಗೆರೆಗಳು ಮೈಲಿಗಲ್ಲುಗಳಂತೆ ತಮ್ಮ ಸ್ಥಾನದಿಂದ ಕೆಂಪಿನ ಕಡೆಗೋ ನೇರಳೆಯ ಕಡೆಗೋ ಸ್ವಲ್ಪ ಸರಿಯಬೇಕು. ಅದನ್ನು ಅಳೆದರೆ ನಕ್ಷತ್ರದ ವೇಗ ದೊರೆಯುತ್ತದೆ. ಈ ಮಾತು ಹೇಳಿದಾಗ ಅಳೆಯುವ ಉಪಕರಣಗಳು ಇರಲಿಲ್ಲ. ಫಿಜೊನ ಲೇಖನ ಪೂರ್ಣವಾಗಿ ಅಚ್ಚಾದುದು 1870ರಲ್ಲಿ. ಫ್ರಾನ್ಸಿನಲ್ಲಿ ಇಂದಿಗೂ ಇಬ್ಬರ ಹೆಸರನ್ನೂ ಜೋಡಿಸಿಯೇ ಈ ಪರಿಣಾಮವನ್ನು ಕರೆಯುವುದುಂಟು.

ಇತ್ತ ಡಾಪ್ಲರನು 1847ರಲ್ಲಿ ಪ್ರಾಗನ್ನು ಬಿಟ್ಟು, ಆಗ ಹಂಗೇರಿಗೆ ಸೇರಿದ್ದು ಈಗ ಸ್ಲೊವಾಕಿಯಾದಲ್ಲಿರುವ ಬಾನ್ಸ್ಕಾ ಶ್ಟಿಯಾವ್ನಿತ್ಸಾ ಎಂಬ ಗಣಿಯೂರಿನ ಗಣಿ ಹಾಗೂ ಅರಣ್ಯವಿದ್ಯಾ ಸಂಸ್ಥೆಗೆ ಪ್ರಾಧ್ಯಾಪಕನಾಗಿ ಹೋದನು. ಅಲ್ಲಿ ಗಣಿಗಳ ಹಳೆಯ ದಾಖಲೆಗಳನ್ನು ಕೆದಕಿ, ದಿಕ್ಸೂಚಿಯ ಸೂಜಿ ಕಾಲಕ್ರಮದಲ್ಲಿ ಹೇಗೆ ವಾಲುತ್ತ ಬಂದಿದೆ ಎಂಬುದನ್ನು ಅಭ್ಯಸಿಸಿದನು. ಸುಮ್ಮನೆ ಕೂರುವ ಮನಸ್ಸು ಅದಲ್ಲ. ಗೌರವಗಳೂ ಬರತೊಡಗಿದವು. ವಿಯೆನ್ನಾದ ಸಾಮ್ರಾಜ್ಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ, ಪ್ರಾಗ್ ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್ ಪದವಿ ಅವನಿಗೆ ದೊರೆತವು. 1848ರ ಕ್ರಾಂತಿಯ ಕೋಲಾಹಲ ಅವನನ್ನು ಆ ಗಣಿಯೂರಿನಿಂದ ಹೊರಡಿಸಿ ವಿಯೆನ್ನಾಕ್ಕೆ ಕರೆತಂದಿತು. ತನ್ನನ್ನು ಬಾಲ್ಯದಲ್ಲಿ ಗುರುತಿಸಿದ ಸ್ಟ್ಯಾಂಪ್ಫರನು ಪಾಲಿಟೆಕ್ನಿಕ್ಕಿನಲ್ಲಿ ಅಲಂಕರಿಸಿದ್ದ ಪೀಠಕ್ಕೇ ಡಾಪ್ಲರನು ಉತ್ತರಾಧಿಕಾರಿಯಾದನು. 1850ನೆಯ ಇಸವಿ ಜನವರಿ 17ರಂದು ಚಕ್ರವರ್ತಿ ಫ್ರಾನ್ಸ್ ಜೋಸೆಫನ ಆಜ್ಞೆಯಂತೆ ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ನೂತನವಾಗಿ ಸ್ಥಾಪಿತವಾದ ಭೌತವಿಜ್ಞಾನ ಸಂಸ್ಥೆಯ ಪ್ರಥಮ ನಿರ್ದೇಶಕನಾದನು. ನೂಲಿನ ಗಿರಣಿಯ ಗುಮಾಸ್ತನು ಹದಿನೈದು ವರ್ಷಗಳಲ್ಲಿ ಸಾಮ್ರಾಜ್ಯದ ಅಗ್ರಗಣ್ಯ ಪೀಠಗಳಲ್ಲೊಂದನ್ನು ಏರಿದ್ದನು. ಅಲ್ಲಿ ಅವನ ಪ್ರಯೋಗಭೌತಶಾಸ್ತ್ರದ ಪಾಠಗಳನ್ನು ಕೇಳಿದವರಲ್ಲಿ ಗ್ರೆಗರ್ ಮೆಂಡಲ್ ಎಂಬ ಕ್ರೈಸ್ತ ಸನ್ಯಾಸಿಯೂ ಒಬ್ಬನು. ಮುಂದೆ ತನ್ನ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿ ಆನುವಂಶಿಕತೆಯ ನಿಯಮಗಳನ್ನು ಕಂಡ ಮಹನೀಯನೇ ಅವನು.

ಈ ಏಳಿಗೆ ಎರಡು ವರ್ಷವೂ ನೆಮ್ಮದಿಯನ್ನು ಕೊಡಲಿಲ್ಲ. 1852ರಲ್ಲಿ ಅಕಾಡೆಮಿಯ ಸಭೆಯಲ್ಲಿ ಜೋಸೆಫ್ ಪೆಟ್ಜ್ವಾಲನು ಡಾಪ್ಲರನ ತತ್ತ್ವದ ಮೇಲೆ ಬಹಿರಂಗವಾಗಿ ಎರಗಿದನು. ಪೆಟ್ಜ್ವಾಲನು ಸಾಮಾನ್ಯನಲ್ಲ, ವಿಯೆನ್ನಾ ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕ, ಭಾವಚಿತ್ರಗಳನ್ನು ತೆಗೆಯುವ ಕ್ಯಾಮರಾಕ್ಕೆ ಶ್ರೇಷ್ಠ ಮಸೂರವನ್ನು 1840ರಲ್ಲಿ ರೂಪಿಸಿಕೊಟ್ಟವನು. ಪ್ರಕೃತಿಯ ಮಹಾನಿಯಮಗಳು ಅವಕಲ ಸಮೀಕರಣಗಳಿಂದಲೇ ಉದಿಸಬೇಕು, ಶಾಲಾಬಾಲಕನೂ ಬಿಡಿಸಬಲ್ಲ ಎರಡು ಸಾಲಿನ ಬೀಜಗಣಿತದಿಂದ ಅಂಥ ನಿಯಮ ಹುಟ್ಟಲಾರದು ಎಂಬುದು ಅವನ ದೃಢವಾದ ನಂಬಿಕೆ. ಅದಕ್ಕಿಂತ ಹೆಚ್ಚಾಗಿ, ಅಲೆಗಳ ಆವೃತ್ತಿ ಎಂದಿಗೂ ಬದಲಾಗದು ಎಂಬ ಒಂದು ನಿಯಮವನ್ನು ಅವನು ಗಣಿತದಿಂದ ಸಾಧಿಸಿದ್ದನು. ಗಾಳಿ ಎಷ್ಟೇ ಬೀಸಲಿ, ದೂರದಲ್ಲಿ ನುಡಿಯುವ ವಾದ್ಯದ ಶ್ರುತಿ ಕೆಡುವುದಿಲ್ಲವಷ್ಟೆ ಎಂಬುದು ಅವನು ಮುಂದಿಟ್ಟ ನಿದರ್ಶನ.

ಪೆಟ್ಜ್ವಾಲನ ಗಣಿತದಲ್ಲಿ ತಪ್ಪಿರಲಿಲ್ಲ. ಹಿಂದೆ ಹೇಳಿದ ಓಲೆಕಾರರನ್ನೇ ನೆನೆದರೆ ಇದು ತಿಳಿಯುತ್ತದೆ. ಬರೆಯುವವನೂ ಓದುವವನೂ ತಂತಮ್ಮ ಸ್ಥಳದಲ್ಲಿ ಕುಳಿತಿದ್ದು, ದಾರಿ ಮಾತ್ರ ಇಳಿಜಾರಾಗಿ ಓಲೆಕಾರರು ಬೇಗ ಓಡಿದರೂ, ದಿನಕ್ಕೊಂದು ಓಲೆ ಹೊರಟರೆ ದಿನಕ್ಕೊಂದೇ ತಲುಪುತ್ತದೆ. ಗಾಳಿಯ ನಿದರ್ಶನದಲ್ಲಿ ಚಲಿಸುವುದು ಮಾಧ್ಯಮ. ಡಾಪ್ಲರನು ಹೇಳಿದುದು ಮೂಲ ಮತ್ತು ಗ್ರಾಹಕರ ಚಲನೆಯನ್ನು. ಇಬ್ಬರೂ ಬೇರೆ ಬೇರೆ ಪ್ರಶ್ನೆಗಳಿಗೆ ಸರಿಯಾದ ಉತ್ತರಗಳನ್ನು ಕೊಟ್ಟು ಪರಸ್ಪರ ವಿರೋಧಿಗಳೆಂದು ಭಾವಿಸಿ ಹೋರಾಡಿದರು. ಆಂಡ್ರಿಯಾಸ್ ಎಟಿಂಗ್ಸ್‌ಹೌಸನ್ ಎಂಬ ವಿದ್ವಾಂಸನು ಡಾಪ್ಲರನ ಪಕ್ಷವಹಿಸಿದನು. ಡಾಪ್ಲರನೂ ಸಮಾಧಾನ ಹೇಳಿದನು. ಹಾಲೆಂಡಿನ ಪ್ರಯೋಗ ನಡೆದು ಏಳು ವರ್ಷಗಳಾಗಿದ್ದರೂ, ಪಾಂಡಿತ್ಯದ ಪ್ರತಿಷ್ಠೆಯ ಮುಂದೆ ಕಹಳೆಯವರ ಸಾಕ್ಷ್ಯ ತೂಕವಿಲ್ಲದ್ದಾಗಿ ಕಂಡಿತು. ವರ್ಷವಿಡೀ ವಾದ ಮುಂದುವರಿಯಿತು.

ಅಷ್ಟರಲ್ಲಿ ಡಾಪ್ಲರನ ಶ್ವಾಸಕೋಶದ ಕಾಯಿಲೆ ಉಲ್ಬಣಿಸಿತ್ತು. 1852ರ ನವೆಂಬರಿನಲ್ಲಿ ಬೆಚ್ಚನೆಯ ಹವೆಯನ್ನು ಅರಸಿ, ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ವೆನಿಸ್ ನಗರಕ್ಕೆ ತೆರಳಿದನು. ಹವೆ ಫಲ ಕೊಡಲಿಲ್ಲ. 1853ನೆಯ ಇಸವಿ ಮಾರ್ಚ್ 17ರಂದು, ಐವತ್ತು ತುಂಬುವ ಮೊದಲೇ, ಅಲ್ಲಿಯೇ ಕೊನೆಯುಸಿರೆಳೆದನು. ಸ್ಯಾನ್ ಮಿಖೆಲೆ ದ್ವೀಪದ ಸ್ಮಶಾನದಲ್ಲಿ ಅವನನ್ನು ಮಣ್ಣು ಮಾಡಿದರು. ಸ್ಮಾರಕ ಫಲಕವೊಂದು ಅಲ್ಲಿದೆ. ಆದರೆ ಸಮಾಧಿ ಇಂಥದೇ ಎಂದು ತೋರಿಸುವಂತಿಲ್ಲ. ಕಲ್ಲುಕುಟಿಗರ ವಂಶದವನ ಸಮಾಧಿಗೇ ಗುರುತಿನ ಕಲ್ಲು ಉಳಿಯಲಿಲ್ಲ.

ವಾದಕ್ಕೆ ತೆರೆ ಬಿದ್ದುದು ಅವನು ಹೋದ ಮೇಲೆ. 1860ರಲ್ಲಿ ವಿಯೆನ್ನಾದ ತರುಣ ವಿಜ್ಞಾನಿ ಅರ್ನ್ಸ್ಟ್ ಮಾಖ್ ಒಂದು ಸರಳ ಉಪಕರಣವನ್ನು ಮಾಡಿದನು. ಗಿರ್ರನೆ ತಿರುಗುವ ಕೊಳವೆಯ ತುದಿಯಲ್ಲಿ ಒಂದು ಸೀಟಿ. ಕೊಳವೆ ತಿರುಗುವ ಸಮತಲದಲ್ಲಿ ನಿಂತವನಿಗೆ ಸೀಟಿ ಒಮ್ಮೆ ಹತ್ತಿರ ಬರುತ್ತದೆ, ಒಮ್ಮೆ ದೂರ ಹೋಗುತ್ತದೆ. ಅವನಿಗೆ ಶ್ರುತಿ ಏರಿ ಇಳಿಯುತ್ತಿರುವಂತೆ ಕೇಳುತ್ತದೆ. ಅಕ್ಷದ ನೇರದಲ್ಲಿ ನಿಂತವನಿಗಾದರೋ ದೂರ ಬದಲಾಗದು. ಅವನಿಗೆ ಒಂದೇ ಶ್ರುತಿ. ಡಾಪ್ಲರನೂ ಪೆಟ್ಜ್ವಾಲನೂ ಬೇರೆ ಬೇರೆ ಸಂಗತಿಗಳನ್ನು ಕುರಿತು ಮಾತಾಡಿದ್ದರೆಂಬುದನ್ನು ಬಿಡಿಸಿ ಹೇಳಿದವನೂ ಮಾಖನೇ.

ಬೆಳಕಿನ ಸರದಿ ಅನಂತರ ಬಂದಿತು. 1868ರಲ್ಲಿ ಇಂಗ್ಲೆಂಡಿನ ವಿಲಿಯಂ ಹಗಿನ್ಸ್ ಲುಬ್ಧಕ ನಕ್ಷತ್ರದ ರೋಹಿತದಲ್ಲಿ ಗೆರೆಯ ಸರಿತವನ್ನು ಅಳೆಯಲು ಯತ್ನಿಸಿದನು. ಅವನು ಕೊಟ್ಟ ಅಂಕಿಯನ್ನು ಮುಂದೆ ತಿದ್ದಬೇಕಾಯಿತು, ದಾರಿ ಮಾತ್ರ ತೆರೆಯಿತು. ಛಾಯಾಚಿತ್ರದ ತಟ್ಟೆಗಳು ಬಳಕೆಗೆ ಬಂದ ಮೇಲೆ ಜರ್ಮನಿಯ ಪಾಟ್ಸ್‌ಡ್ಯಾಮ್ ವೀಕ್ಷಣಾಲಯದಲ್ಲಿ ಹರ್ಮನ್ ಫೋಗೆಲ್ ಈ ಕೆಲಸವನ್ನು ಪರಿಷ್ಕಾರಗೊಳಿಸಿದನು. 1889ರಲ್ಲಿ ಅವನು ಆಲ್ಗಾಲ್ ಎಂಬ ನಕ್ಷತ್ರದ ಗೆರೆಗಳು ಕ್ರಮವಾಗಿ ಅತ್ತಿತ್ತ ತೂಗಾಡುವುದನ್ನು ಕಂಡು, ದೂರದರ್ಶಕದಲ್ಲಿ ಒಂದೇ ಚುಕ್ಕೆಯಾಗಿ ತೋರುವ ಅದು ವಾಸ್ತವದಲ್ಲಿ ಒಂದನ್ನೊಂದು ಸುತ್ತುವ ಜೋಡಿಯೆಂದು ಸಾಧಿಸಿದನು. ಡಾಪ್ಲರನ 1842ರ ಪ್ರಬಂಧದ ಶೀರ್ಷಿಕೆಯಲ್ಲಿಯೇ ಜೋಡಿ ನಕ್ಷತ್ರಗಳಿದ್ದವು. ಬಣ್ಣದಲ್ಲಿ ಅವನು ಅರಸಿ ತಪ್ಪಿದುದು ಗೆರೆಗಳಲ್ಲಿ ದೊರೆಯಿತು. ಯಾವ ದೂರದರ್ಶಕವೂ ಬಿಡಿಸಿ ತೋರಿಸಲಾರದ ಜೋಡಿಗಳನ್ನು ಅವನ ಸೂತ್ರ ಬಿಡಿಸಿ ತೋರಿಸಿತು.

ಭಾರತದ ನೆಲದಲ್ಲಿಯೂ ಈ ತತ್ತ್ವದಿಂದ ಒಂದು ಮಹತ್ವದ ಶೋಧ ನಡೆದಿದೆ. 1909ರ ಜನವರಿಯಲ್ಲಿ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಜಾನ್ ಎವರ್‌ಶೆಡ್ ಸೌರಕಲೆಗಳ ರೋಹಿತವನ್ನು ಪರಿಶೀಲಿಸುತ್ತಿರುವಾಗ, ಕಲೆಯ ಒಂದು ಪಕ್ಕದಲ್ಲಿ ಗೆರೆಗಳು ಕೆಂಪಿನ ಕಡೆಗೂ ಇನ್ನೊಂದು ಪಕ್ಕದಲ್ಲಿ ನೇರಳೆಯ ಕಡೆಗೂ ವಾಲಿರುವುದನ್ನು ಗಮನಿಸಿದನು. ಕಲೆಯ ನಡುವಿನಿಂದ ಅನಿಲವು ಎಲ್ಲ ದಿಕ್ಕುಗಳಿಗೂ ಹೊರಮುಖವಾಗಿ ಹರಿಯುತ್ತಿದೆ ಎಂಬುದು ಅದರಿಂದ ಗೊತ್ತಾಯಿತು. ಈ ಹರಿವಿಗೆ ಎವರ್‌ಶೆಡ್ ಪರಿಣಾಮವೆಂದೇ ಹೆಸರು. ಆ ವೀಕ್ಷಣಾಲಯವು ಈಗ ಬೆಂಗಳೂರಿನಲ್ಲಿ ಕೇಂದ್ರವಿರುವ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಅಂಗವಾಗಿದೆ.

ಮುಂದಿನ ಕಥೆ ಉದ್ದವಾದುದು. 1912ರಲ್ಲಿ ಅಮೆರಿಕದ ವೆಸ್ಟೊ ಸ್ಲೈಫರ್ ಆಂಡ್ರೊಮಿಡಾ ನೀಹಾರಿಕೆ ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಿಂದ ನಮ್ಮತ್ತ ಬರುತ್ತಿದೆಯೆಂದು ಅಳೆದನು. ಆದರೆ ಅವನು ಮುಂದೆ ಪರೀಕ್ಷಿಸಿದ ನೀಹಾರಿಕೆಗಳಲ್ಲಿ ಬಹುಪಾಲು ದೂರ ಸರಿಯುತ್ತಿದ್ದವು. 1929ರಲ್ಲಿ ಹಬಲ್ ಆ ಸರಿತಕ್ಕೂ ದೂರಕ್ಕೂ ಇರುವ ಸಂಬಂಧವನ್ನು ಪ್ರಕಟಿಸಿದನು. ಅಷ್ಟು ದೂರದ ಕೆಂಪು ಸರಿತಕ್ಕೆ ಆಕಾಶವೇ ಹಿಗ್ಗುವುದು ಕಾರಣವೆಂದು ಇಂದಿನವರು ವಿವರಿಸುತ್ತಾರೆ. ಅದು ಡಾಪ್ಲರನ ಸೂತ್ರದ ನೇರ ಅನ್ವಯವಲ್ಲ, ಆದರೂ ಅಳೆಯುವ ವಿಧಾನ ಅವನ ದಾರಿಯದೇ. 1995ರಲ್ಲಿ ಮೇಯರ್ ಮತ್ತು ಕೆಲೋಜ್ ಎಂಬ ಸ್ವಿಟ್ಜರ್‌ಲೆಂಡಿನ ವಿಜ್ಞಾನಿಗಳು, ಪೆಗಾಸಸ್ ರಾಶಿಯ ನಕ್ಷತ್ರವೊಂದು ನಾಲ್ಕು ದಿನಗಳಿಗೊಮ್ಮೆ ಸೆಕೆಂಡಿಗೆ 60 ಮೀಟರಿಗೂ ಕಡಿಮೆ ವೇಗದಲ್ಲಿ ಮುಂದಕ್ಕೂ ಹಿಂದಕ್ಕೂ ತೂಗುವುದನ್ನು ಅಳೆದು, ಅದನ್ನು ಸುತ್ತುವ ಗ್ರಹವೊಂದನ್ನು ಪತ್ತೆ ಮಾಡಿದರು. ರೈಲಿನ ವೇಗದ ಮೂರರಷ್ಟೂ ಇಲ್ಲದ ಆ ಚಲನೆಯನ್ನು ಹಲವು ಜ್ಯೋತಿರ್ವರ್ಷಗಳ ದೂರದಿಂದ ಓದಲಾಯಿತು.

ಆದರೆ ಜನಸಾಮಾನ್ಯರಿಗೆ ಡಾಪ್ಲರನ ಪರಿಚಯವಾಗುವುದು ಆಸ್ಪತ್ರೆಯಲ್ಲಿ. ಕಿವಿಗೆ ಕೇಳಿಸದಷ್ಟು ಎತ್ತರದ ಆವೃತ್ತಿಯ ಶಬ್ದವನ್ನು ದೇಹದೊಳಕ್ಕೆ ಕಳುಹಿಸಿ, ಹರಿಯುವ ರಕ್ತದ ಕಣಗಳಿಂದ ಮರಳುವ ಪ್ರತಿಧ್ವನಿಯ ಆವೃತ್ತಿ ಎಷ್ಟು ಬದಲಾಗಿದೆಯೆಂದು ನೋಡಿದರೆ ರಕ್ತದ ಓಟದ ವೇಗವೂ ದಿಕ್ಕೂ ತಿಳಿಯುತ್ತವೆ. ಹೃದಯದ ಕವಾಟ ಸೋರುತ್ತಿದೆಯೇ, ಕಾಲಿನ ನಾಳ ಕಟ್ಟಿಕೊಂಡಿದೆಯೇ, ಗರ್ಭಸ್ಥ ಶಿಶುವಿಗೆ ರಕ್ತ ಸರಿಯಾಗಿ ಸಲ್ಲುತ್ತಿದೆಯೇ ಎಂಬುದನ್ನು ಒಂದು ಸೂಜಿಯನ್ನೂ ಚುಚ್ಚದೆ ವೈದ್ಯರು ಹೇಳಬಲ್ಲರು. ಜಪಾನಿನ ಸಾತೊಮುರಾ ಎಂಬಾತನು 1950ರ ದಶಕದಲ್ಲಿ ಈ ಮಾರ್ಗದಲ್ಲಿ ಮೊದಲ ಹೆಜ್ಜೆಗಳನ್ನಿಟ್ಟನು. ಇಂದಿನ ಯಂತ್ರಗಳ ಪರದೆಯ ಮೇಲೆ ರಕ್ತಪ್ರವಾಹವು ಬಣ್ಣಗಳಲ್ಲಿ ಮೂಡುತ್ತದೆ. ಅಲ್ಲಿನ ಕ್ರಮ ಡಾಪ್ಲರನ ನಕ್ಷತ್ರಗಳದಕ್ಕೆ ತದ್ವಿರುದ್ಧ: ಉಪಕರಣದತ್ತ ಬರುವ ರಕ್ತಕ್ಕೆ ಕೆಂಪು, ದೂರ ಹೋಗುವ ರಕ್ತಕ್ಕೆ ನೀಲಿ. ಇದು ಪ್ರಕೃತಿಯ ಬಣ್ಣವಲ್ಲ, ವೈದ್ಯರು ತಮ್ಮ ಅನುಕೂಲಕ್ಕೆ ಬಳಿದ ಬಣ್ಣ.